ಹಮಾಮಿನಲ್ಲಿ ಹೆಣ್ಣು ನೋಡಿದ್ದು

ತೋಕಾತ್
೧೪ ನವೆಂಬರ್ ೧೯೫೮

ಪ್ರೀತಿಯ ನೆಸೀಬೆ ಅಕ್ಕನಿಗೆ,

ನಿನ್ನ ಕೈಗಳಿಗೆ ಮುತ್ತಿಡುತ್ತೇನೆ. ಭಾವನ ಮಂಡಿನೋವು ಹೇಗಿದೆ? ನೀನು ಕಳಿಸಿದ ಅಂಜೂರ ತಲುಪಿ ಎಷ್ಟೋ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಬೈದುಕೋ, ಪರವಾಗಿಲ್ಲ. ಬರೆಯಲು ಕೂತಾಗಲೆಲ್ಲ ಹಾಳೆ ಹರಿದು ಒಲೆಗೆ ಹಾಕುತ್ತಿದ್ದೆ.

ಚರ್ಮದ ವ್ಯಾಪಾರಿಯ ಹೆಂಡತಿ ಮಕ್‌ಬೂಲೆ ಮಗನಿಗಾಗಿ ನಮ್ಮ ಶುಕೂಫೆಯನ್ನು ನೋಡಲು ಹಮಾಮಿಗೆ ಬಂದಿದ್ದಳು. ಹೆಣ್ಣನ್ನು ಊರ ಹೆಂಗಸರ ಸ್ನಾನದ ಮನೆಯಲ್ಲೇ ನೋಡುವುದು ನಮಗೇನು ಹೊಸದಲ್ಲ. ಆದರೆ ದನದ ಸಂತೆಯಲ್ಲೂ ಇಷ್ಟು ಹಿಸುಕಿ ನೋಡುವುದಿಲ್ಲ ಅಕ್ಕ.

ನಡುವಿನ ಬಿಸಿಗಲ್ಲಿನ ಮೇಲೆ ಮಕ್‌ಬೂಲೆ ಕಲಸಿದ ಹಿಟ್ಟಿನಂತೆ ಹರಡಿಕೊಂಡು ಬೆನ್ನು ಉಜ್ಜಿಸಿಕೊಳ್ಳುತ್ತಿದ್ದಳು. ಬೂದು ಬತ್ತಿಗಳಾಗಿ ಉದುರಿದ ಕೊಳೆ ನಮ್ಮ ಕಾಲಬುಡಕ್ಕೇ ಹರಿದುಬರುತ್ತಿತ್ತು. ಪಕ್ಕದಲ್ಲೇ ಅವಳು ತಂದ ದ್ರಾಕ್ಷಿ ಎಲೆಯ ಕಡುಬಿನ ಪಾತ್ರೆ!

“ಬಾರೇ ಹುಡುಗಿ, ನಾಚ್ಕೊಂಡ್ರೆ ಸಂಸಾರ ನಡೆಯುತ್ತಾ?” ಎಂದು ಹತ್ತಿರ ಎಳೆದಳು. ಚೌರಿ ಇದೆಯೋ ಎಂದು ಜಡೆ ಜಗ್ಗಿದಳು. ಮುತ್ತಿಡುವ ನೆಪದಲ್ಲಿ ಬಾಯಿ ಮೂಸಿದಳು. ಅಷ್ಟು ಸಾಲದೆ ಬೆರಳು ತೂರಿಸಿ ದವಡೆಹಲ್ಲು ತಡವಿದಳು.

“ಹಲ್ಲೇನೋ ಗಟ್ಟಿ. ಸೊಂಟಾನೇ ಸಣ್ಣ. ಏನಮ್ಮ ಬೀಗಿತ್ತಿ, ಹೊಟ್ಟೆಗೆ ಹಾಕಲ್ವಾ ಇವಳಿಗೆ?”

ಸುತ್ತಲಿದ್ದವರು ಕಿಸಕ್ಕನೆ ನಕ್ಕರು. ಶುಕೂಫೆಗೆ ಇಪ್ಪತ್ತೆರಡು ತುಂಬಿದೆ, ಸುಮ್ಮನಿರುತ್ತಾಳೆಯೇ?

“ನಿಮ್ಮ ಮಗನ್ನೂ ಕರ್ಕೊಂಡ್ಬನ್ನಿ. ಅವರ ಹಲ್ಲು ನಾನೂ ಮುಟ್ಟಿ ನೋಡ್ತೀನಿ!”

“ಅಬ್ಬಾ, ನಾಲಗೇನೂ ಗಟ್ಟೀನೇ! ಎಲ್ಲಿ, ಆ ಬಟ್ಟೆ ಬಿಚ್ಚಿ ಒಂದ್ಸಲ ಸುತ್ತು ತಿರುಗು,” ಎಂದಳು ಮಕ್‌ಬೂಲೆ.

ಹುಡುಗಿ ಬಟ್ಟೆಯನ್ನು ಎದೆಗೆ ಅವುಚಿಕೊಂಡು ನನ್ನ ಮುಖ ನೋಡಿದಳು. ಮನೆಗೆ ಬಂದ ಮೇಲೆ ಬಾವಿಯ ತಣ್ಣೀರನ್ನೇ ಮತ್ತೆ ಮತ್ತೆ ಸುರಿದುಕೊಂಡಳು. ಅವತ್ತಿನಿಂದ ನನ್ನೊಡನೆ ಮಾತಿಲ್ಲ.

ಹುಡುಗಿ ಒಪ್ಪಿಗೆ ಎಂದು ಆ ಮನೆಯಿಂದ ಹೇಳಿಕಳಿಸಿದ್ದಾರೆ. ನಮ್ಮವರು ಉಬ್ಬಿಹೋಗಿದ್ದಾರೆ. ಶುಕೂಫೆ ಅಪ್ಪನೆದುರಿಗೇ ಒಲ್ಲೆ ಎಂದಳು; ಕೇಳುವವರು ಯಾರು? ಗುರುವಾರದ ಬಸ್ಸಿಗೆ ಅವಳನ್ನು ನಿನ್ನ ಹತ್ತಿರ ಕಳಿಸುತ್ತಿದ್ದೇನೆ. ಇಲ್ಲಿಯ ರಂಪವನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಏನೂ ಕೇಳದೆ ಬಾಗಿಲು ತೆಗೆ.

ದೇವರು ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ. ಮಕ್ಕಳ ಕಣ್ಣಿಗೆ ನನ್ನ ಮುತ್ತುಗಳು.

ನಿನ್ನ ತಂಗಿ,
ಮುಝೆಯ್ಯೆನ್

ತಾ.ಕ.: ಮರೆತದ್ದಲ್ಲ, ನಾಚಿಕೆಗೆ ಬಿಟ್ಟದ್ದು. ಅವಳು ನನ್ನ ಮುಖ ನೋಡಿದಾಗ ನಾನು, “ತಿರುಗು ಮಗಳೇ,” ಎಂದೆ. ತಿರುಗಿದಳು. ಆಮೇಲೆ ಮಕ್‌ಬೂಲೆ ಹಲ್ಲು ತಡವಿದ ಅದೇ ಬೆರಳಿನಲ್ಲಿ ಕಡುಬು ತೆಗೆದು ನನ್ನ ಬಾಯಿಗಿಟ್ಟಳು. ಉಗಿಯಲಿಲ್ಲ ಅಕ್ಕ, ನುಂಗಿದೆ. ಚೆನ್ನಾಗಿದೆ ಎಂದೂ ಹೇಳಿದೆ.