ಚಿಮಣಿ ಇದ್ದ ಜಾಗದಲ್ಲಿ

ಅಣ್ಣಾ,

ನಿನಗೆ ನಾನು ಕಾಗದ ಬರೆಯುತ್ತಿರುವುದು ಇದೇ ಮೊದಲು. ಒಂದೇ ಸೂರಿನಡಿ ಬೆಳೆದು ಒಂದೇ ಬೀದಿಯಲ್ಲಿ ಬಾಳಿದವರಿಗೆ ಕಾಗದ ಯಾಕೆ ಬೇಕಿತ್ತು? ಹೇಳಬೇಕಾದ್ದನ್ನು ಕಿಟಕಿಯಿಂದಲೇ ಕೂಗಿ ಹೇಳುತ್ತಿದ್ದೆವು. ಬೈಗುಳವಂತೂ ಇನ್ನೂ ಜೋರಾಗಿ. ಒಂದೇ ಒಂದು ಸಂಗತಿ ಹೇಳದೆ ಉಳಿಯಿತು. ಎಂಟು ತಿಂಗಳಿಂದ ಅದು ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಕೂತಿದೆ.

ನೀನು ಬರುತ್ತಿರುವುದು ನನಗೆ ಗೊತ್ತು. ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ ಶಾಲೆಯ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುತ್ತಿದ್ದರೆ ನಿನ್ನ ದೋಣಿಯ ಎಂಜಿನ್ ಕೇಳುತ್ತದೆ. ಮೂರು ಸಲ ಕೆಮ್ಮಿ ನಾಲ್ಕನೆಯದಕ್ಕೆ ಹಿಡಿದುಕೊಳ್ಳುವ ಸದ್ದು ಬೇರೆ ಯಾವ ದೋಣಿಗಿತ್ತು? ಕಿಟಕಿಗೆ ಓಡಿದರೆ ಕೆಳಗೆ ಸಿಮೆಂಟು ಕಲಸುವ ಯಂತ್ರ ತಿರುಗುತ್ತಿರುತ್ತದೆ. ಅದರ ಸದ್ದಿಗೂ ನಿನ್ನ ಎಂಜಿನ್ನಿಗೂ ಏನೂ ಹೋಲಿಕೆಯಿಲ್ಲ. ಆದರೂ ಮರುದಿನ ಮತ್ತೆ ಓಡುತ್ತೇನೆ.

ಅಪ್ಪ ನಮ್ಮಿಬ್ಬರನ್ನೂ ದೋಣಿಯಲ್ಲಿ ಕೂರಿಸಿಕೊಂಡು ಗುರುತು ಹೇಳಿಕೊಟ್ಟ ದಿನ ನೆನಪಿದೆಯಲ್ಲ? ದಡದ ಮುಂದೆ ನೀರಿನೊಳಗೆ ಬಂಡೆಗಳ ಸಾಲು, ನಡುವೆ ಎರಡು ದೋಣಿ ಹಿಡಿಸುವಷ್ಟು ಸಂದು. ಅದು ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ದಡದ ಮೇಲಿನ ಎರಡೇ ವಸ್ತು, ಮುಂದೆ ನೀರಿನ ಟ್ಯಾಂಕು, ಹಿಂದೆ ಐಸ್ ಫ್ಯಾಕ್ಟರಿಯ ಚಿಮಣಿ. ಟ್ಯಾಂಕಿನ ನೆತ್ತಿಯ ಮೇಲೆ ಚಿಮಣಿ ನೆಟ್ಟಗೆ ನಿಂತರೆ ದೋಣಿ ಸಂದಿಗೆ ಸರಿಯಾಗಿದೆ ಎಂದರ್ಥ. "ಎರಡೂ ಒಂದಾಗೋವರೆಗೂ ಒಳಗೆ ಬರ್ಬೇಡಿ, ಹೊಟ್ಟೆ ಎಷ್ಟೇ ಹಸಿದಿರ್ಲಿ" ಎಂದಿದ್ದ ಅಪ್ಪ. ನೀನು ಒಂದೇ ದಿನಕ್ಕೆ ಕಲಿತುಬಿಟ್ಟೆ. ನಾನು ಚಿಮಣಿಗೆ ಟೋಪಿ ಹಾಕಿ, ಟ್ಯಾಂಕಿಗೆ ಹೊಟ್ಟೆನೋವು ಬರಿಸಿ, ಇಬ್ಬರಿಗೂ ಜಗಳ ಹಚ್ಚಿ ಕಥೆ ಕಟ್ಟುತ್ತಾ ಕೂತೆ. "ಇವಳ ಕೈಗೆ ದೋಣಿ ಕೊಟ್ರೆ ನಮ್ಮ ಕಥೆ ಮುಗೀತು" ಎಂದು ಅಪ್ಪ ನಕ್ಕಿದ್ದ. ನೀನೂ ನಕ್ಕಿದ್ದೆ.

ಆಮೇಲೆ ನಗರ ನಮ್ಮ ಕಡೆಗೆ ಬಂತು. ದಡದುದ್ದಕ್ಕೂ ರಸ್ತೆ, ರಸ್ತೆಯ ಪಕ್ಕ ಮೂವತ್ತು ಮಹಡಿಯ ಕಟ್ಟಡಗಳು. ನಮ್ಮ ಮನೆಗಳ ಗೋಡೆಗೆ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋದರು. ಐಸ್ ಫ್ಯಾಕ್ಟರಿ ಉರುಳಿತು, ಜೊತೆಗೆ ಚಿಮಣಿಯೂ. ನೀವು ದೋಣಿಯವರೆಲ್ಲ ಹೋಗಿ ಅಲ್ಲೊಂದು ಕಂಬವನ್ನಾದರೂ ನೆಡಿ ಎಂದು ಕೇಳಿದಿರಿ. "ಫೈಲು ಮೇಲೆ ಹೋಗಿದೆ, ನೋಡೋಣ" ಎಂದ ಎಂಜಿನಿಯರ್. ಕಂಬ ಬರಲಿಲ್ಲ. ಚಿಮಣಿ ಇದ್ದ ಗುಂಡಿಯಲ್ಲೇ ಕ್ರೇನು ಎದ್ದು ನಿಂತಿತು.

ಅದೇ ವಾರ ಕಟ್ಟಡ ಕಟ್ಟಿಸುವವರ ಆಫೀಸಿನ ಬಿಳಿ ಅಂಗಿಯವರೊಬ್ಬರು ಲೈಬ್ರರಿಗೆ ಬಂದರು. "ಮಕ್ಕಳಿಗೆ ಹೊಸ ಕಟ್ಟಡ ಅಂದ್ರೆ ಭಯವಂತೆ ಟೀಚರ್. ಒಂದು ಚಂದದ ಕಥೆ ಬರೀರಿ, ಬಣ್ಣದ ಚಿತ್ರ ಹಾಕ್ಸಿ ಪುಸ್ತಕ ಮಾಡ್ತೀವಿ" ಎಂದರು. ಬಣ್ಣದ ಚಿತ್ರ! ಹನ್ನೆರಡು ವರ್ಷದಿಂದ ಬರೆದ ನನ್ನ ಒಂದು ಕಥೆಯೂ ಬಣ್ಣ ಕಂಡಿರಲಿಲ್ಲ. ಬೀದಿಗೆ ಬೀದಿಯೇ ಮಂಕಾಗಿ ಕೂತಿತ್ತು, ನಾನು ಮಾತ್ರ ಹಿಗ್ಗಿ ಹೀರೇಕಾಯಿಯಾಗಿದ್ದೆ. ಬರೆದೆ. ಚಿಮಣಿ ಹೋಯಿತೆಂದು ಪುಟ್ಟ ದೋಣಿ ಅಳುತ್ತದೆ. ಆಗ ಕ್ರೇನಣ್ಣ ತಲೆಯೆತ್ತಿ, ನಾನಿದ್ದೇನೆ, ನನ್ನನ್ನು ನೋಡಿಕೊಂಡು ಬಾ ಎನ್ನುತ್ತಾನೆ. ದೋಣಿ ಮನೆ ಸೇರುತ್ತದೆ.

ಆ ಕಥೆಯನ್ನು ಮೊದಲು ಓದಿ ಹೇಳಿದ್ದು ನಿನ್ನ ಮಗಳಿಗೆ, ನೀನು ಸೀಗಡಿ ಎಂದು ಕರೆಯುತ್ತಿದ್ದೆಯಲ್ಲ, ಆ ನಮ್ಮ ಸೀಗಡಿಗೆ. ನೀನು ಹೆಗಲ ಮೇಲೆ ಬಲೆ ಹೊತ್ತು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದೆ. "ನೀನು ಬರೆದಿದ್ರಲ್ಲಿ ಉಪಯೋಗಕ್ಕೆ ಬಂದಿದ್ದು ಇದೊಂದೇ ಕಣೇ. ಕ್ರೇನಿನ ಕೈ ತಿರುಗುತ್ತೆ, ಕಂಬ ಎಲ್ಲಿ ಹೋಗುತ್ತೆ? ಅದನ್ನೇ ಗುರುತು ಇಟ್ಕೊಂಡ್ರಾಯ್ತು" ಎಂದೆ. ಮಾರನೇ ದಿನವೇ ಹಾಗೆ ಮಾಡಿದೆ. ಉಳಿದ ದೋಣಿಯವರೂ ನಿನ್ನ ಹಿಂದೆ ಬಂದರು. ಐದು ತಿಂಗಳು ಯಾರ ದೋಣಿಗೂ ಬಂಡೆ ತಗಲಲಿಲ್ಲ. ನಾನು ಎಷ್ಟು ಬೀಗಿದೆನೆಂದರೆ ಅತ್ತಿಗೆಗೂ ಸಾಕಾಗಿಹೋಗಿತ್ತು.

ಈಗ ಹೇಳದೆ ಉಳಿದದ್ದು. ನೀನು ಕಡೆಯ ಸಲ ಮೂರು ದಿನಕ್ಕೆಂದು ಹೋದೆಯಲ್ಲ, ಎರಡನೇ ದಿನ ಅವರು ಆ ಕ್ರೇನನ್ನು ಬಿಚ್ಚಿದರು. ಪಕ್ಕದ ಕಟ್ಟಡಕ್ಕೆ ಬೇಕೆಂದು ನಲವತ್ತು ಹೆಜ್ಜೆ ಆಚೆಗೆ, ಅದೇ ಎತ್ತರಕ್ಕೆ, ಸಂಜೆಯೊಳಗೆ ಮತ್ತೆ ನಿಲ್ಲಿಸಿದರು. ನಾನು ನೋಡಿದೆ ಅಣ್ಣಾ. ಲೈಬ್ರರಿಯ ಕಿಟಕಿಗೆ ಮಕ್ಕಳನ್ನೆಲ್ಲ ಕರೆದು ತೋರಿಸಿದೆ. ತುದಿಯ ಕೆಂಪು ದೀಪ ಹತ್ತಿದಾಗ ಚಪ್ಪಾಳೆ ತಟ್ಟಿದೆ. ‘ಕ್ರೇನಣ್ಣ ಮನೆ ಬದಲಿಸಿದ’ ಎಂದು ಮುಂದಿನ ಕಥೆಗೆ ಹೆಸರನ್ನೂ ಬರೆದಿಟ್ಟುಕೊಂಡೆ. ಮೀನು ಹರಾಜು ಕಟ್ಟೆಯಲ್ಲಿ ದೋಣಿಗಳ ಜೊತೆ ಮಾತಾಡುವ ವೈರ್‌ಲೆಸ್ ಇತ್ತು. ಓಡಿಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅಪ್ಪನ ಮಗಳಾಗಿಯೂ ನನಗೆ ಅದು ಹೊಳೆಯಲೇ ಇಲ್ಲ.

ಮಾರನೇ ಬೆಳಿಗ್ಗೆ ಮಂಜು. ಟ್ಯಾಂಕಿನ ನೆತ್ತಿ, ಕ್ರೇನಿನ ಕಂಬ ಬಿಟ್ಟರೆ ಏನೂ ಕಾಣುತ್ತಿರಲಿಲ್ಲವಂತೆ. ಎಲ್ಲರಿಗಿಂತ ಮುಂದೆ ಬಂದ ನಿನ್ನ ದೋಣಿ ನೇರ ಬಂಡೆಗೆ ಬಡಿಯಿತು. ಜೊತೆಗಿದ್ದ ಇಬ್ಬರು ಈಜಿ ಬಂದರು. "ಎರಡೂ ಒಂದಾಗಿತ್ತು ಅಕ್ಕಾ, ಕಣ್ಣಾರೆ ನೋಡಿದ್ವಿ" ಎಂದು ನನ್ನ ಕೈ ಹಿಡಿದು ಅತ್ತರು. ನಾನು ಬಾಯಿ ಬಿಡಲಿಲ್ಲ. ನೀನು ಇವತ್ತಿಗೂ ಸಿಕ್ಕಿಲ್ಲ.

ಅಂದಿನಿಂದ ಅತ್ತಿಗೆಯೂ ಸೀಗಡಿಯೂ ನನ್ನ ಮನೆಯಲ್ಲೇ ಇದ್ದಾರೆ. ಸೀಗಡಿ ದಿನಾ ಅಚ್ಚಾಗಿ ಬಂದ ನನ್ನ ಆ ಪುಸ್ತಕ ಹಿಡಿದು ಕೂರುತ್ತಾಳೆ. ಕ್ರೇನಣ್ಣನನ್ನು ನೋಡಿಕೊಂಡು ಅಪ್ಪ ಬರುತ್ತಾನೆಂದು ಕಾಯುತ್ತಿದ್ದಾಳೆ ಅಂದುಕೊಂಡೆ. ಆ ಆಸೆಗೆ ಕಲ್ಲು ಹಾಕುವ ಧೈರ್ಯ ನನಗಿರಲಿಲ್ಲ. ಹೋದ ವಾರ ಕೆಲಸ ಮುಗಿಯಿತೆಂದು ಕ್ರೇನನ್ನು ಪೂರ್ತಿ ಬಿಚ್ಚಿ ಲಾರಿಗೆ ತುಂಬಿದರು. ಅವಳು ಊಟ ಬಿಟ್ಟಳು. ಇನ್ನು ತಡೆಯಲಾಗದೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ನಾನು ನೋಡಿದ್ದು, ಹೇಳದೇ ಹೋದದ್ದು, ಎಲ್ಲ. ಅವಳು ಉಗಿಯಲಿ, ಹೊಡೆಯಲಿ ಎಂದು ಕಾದೆ.

ಅವಳು ಪುಸ್ತಕದಿಂದ ಕಣ್ಣೆತ್ತಲಿಲ್ಲ. "ನಂಗೊತ್ತು ಅತ್ತೆ, ನಾನೂ ಅಲ್ಲೇ ಇದ್ನಲ್ಲ. ಅಪ್ಪಂಗೆ ಹೇಳ್ಬೇಕು ಅಂತ ನಂಗೆ ಆಗ್ಲೇ ಅನ್ನಿಸ್ತು. ಆದ್ರೆ ನೀನು ಚಪ್ಪಾಳೆ ತಟ್ದೆ. ದೊಡ್ಡೋರಿಗೆ ಗೊತ್ತಿರುತ್ತೆ ಅಂತ ನಾನೂ ತಟ್ದೆ" ಎಂದಳು.

ಒಂಬತ್ತು ವರ್ಷದ ಮಗು, ಅಣ್ಣಾ. ಎಂಟು ತಿಂಗಳು ಅದನ್ನು ಒಬ್ಬಳೇ ಹೊತ್ತುಕೊಂಡು ನನ್ನ ಪಕ್ಕದಲ್ಲೇ ಮಲಗಿ ಏಳುತ್ತಿದ್ದಳು. ನಾನು ಅವಳನ್ನು ತಬ್ಬಿಕೊಂಡು, ತಪ್ಪು ನಂದು, ನಿಂದಲ್ಲ ಎಂದು ಎಷ್ಟು ಸಲ ಹೇಳಿದೆನೋ. ಅವಳು ಮೆಲ್ಲಗೆ ನನ್ನ ಕೈ ಬಿಡಿಸಿಕೊಂಡಳು. "ಅದನ್ನ ಅಪ್ಪ ಹೇಳ್ಬೇಕು" ಎಂದಳು. ಆಮೇಲೆ ಅವಳು ಮಾತೇ ಆಡಿಲ್ಲ.

ಅದಕ್ಕೇ ಈ ಕಾಗದ. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಕೇಳುವ ಮುಖ ನನಗಿಲ್ಲ. ಮಧ್ಯಾಹ್ನದ ಹೊತ್ತು ನನ್ನ ಕಿಟಕಿಯ ಕೆಳಗೆ ಬಂದು ಹೋಗುತ್ತೀಯಲ್ಲ, ಅದನ್ನು ಬಿಟ್ಟು ಒಂದೇ ಒಂದು ಸಲ ಅವಳ ಹತ್ತಿರ ಹೋಗು. ಕನಸಿನಲ್ಲಾದರೂ ಸರಿ. ಒದ್ದೆ ಬಟ್ಟೆಯಲ್ಲಿ ಹೋಗಬೇಡ, ಹೆದರುತ್ತಾಳೆ. ಒಂದು ಮಾತು ಹೇಳಿ ಬಾ. ಆಮೇಲೆ ಜೀವವಿರುವ ತನಕ ನನ್ನನ್ನು ಕಾಡು, ಬೇಡ ಅನ್ನುವುದಿಲ್ಲ.

ಆದರೆ ತಡಮಾಡಬೇಡ. ತಿಂಗಳ ಕೊನೆಗೆ ನಮ್ಮನ್ನೆಲ್ಲ ಊರ ಹಿಂದಿನ ಬಡಾವಣೆಗೆ ಸಾಗಿಸುತ್ತಾರೆ. ಅವಳಿಗೂ ನಮಗೂ ಹನ್ನೊಂದನೇ ಮಹಡಿಯಲ್ಲಿ ಒಂದು ಕೋಣೆ. ಕಿಟಕಿ ಇರುವುದು ಇನ್ನೊಂದು ಕಟ್ಟಡದ ಗೋಡೆಯ ಕಡೆಗೆ. ಅಲ್ಲಿಗೆ ಸಮುದ್ರ ಕಾಣುವುದಿಲ್ಲ, ಸಮುದ್ರಕ್ಕೆ ಅವಳೂ ಕಾಣುವುದಿಲ್ಲ.

ನೀನಿರುವ ಕಡೆ ನಿನಗೆ ಚಳಿಯಾಗದಿರಲಿ.

ನಿನ್ನ ತಂಗಿ