ಮೂರು ಟ್ಯೂಬ್‌ಲೈಟು, ಒಂದು ತಿಪ್ಪೆ

ಕಸ ವಿಲೇವಾರಿಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಮ್ಮವ್ವನ ಅಂಗಾಲಿನಿಂದ ತೆಗೆದ ಗಾಜಿನ ಚೂರೊಂದು ನನ್ನ ಬಳಿ ಇದೆ. ಅದು ತಮ್ಮ ಕಚೇರಿಯ ಸ್ವತ್ತು. ವಾಪಸು ಪಡೆಯುವ ಕೃಪೆ ಯಾವಾಗ ಮಾಡುತ್ತೀರಿ ಎಂದು ಕೇಳಲು ಈ ಪತ್ರ.

ಮೊದಲ ತಪ್ಪು ನನ್ನದೇ. ತಾವು ಹಂಚಿದ ಕರಪತ್ರ ಓದಿದೆ. ಓದಿದ್ದಷ್ಟೇ ಅಲ್ಲ, ನಂಬಿಬಿಟ್ಟೆ. ಕೆಟ್ಟ ಟ್ಯೂಬ್‌ಲೈಟಿನೊಳಗೆ ಪಾದರಸವಿರುತ್ತದೆ, ಒಡೆಯಬೇಡಿ, ತಿಪ್ಪೆಗೆ ಎಸೆಯಬೇಡಿ, ಸುತ್ತಿಟ್ಟು ಸಂಗ್ರಹ ಕೇಂದ್ರಕ್ಕೆ ಒಪ್ಪಿಸಿ ಎಂದಿತ್ತು. ಮನೆಯಲ್ಲಿದ್ದ ಮೂರನ್ನು ಅವ್ವನ ಹಳೇ ಸೀರೆಯಲ್ಲಿ ಸುತ್ತಿದೆ. ಕಸದ ಗಾಡಿಯ ದೇವಯ್ಯ ನೋಡಿ, "ಇವೆಲ್ಲ ನಾವ್ ತಕ್ಕೊಳಂಗಿಲ್ಲ ಕಣಣ್ಣೋ, ಆಪೀಸಲ್ಲಿ ಕೇಳು" ಎಂದ. ಪಂಚಾಯಿತಿಯಲ್ಲಿ ಕೇಳಿದರೆ ಕೆ.ಆರ್. ಪೇಟೆಗೆ ಹೋಗಿ ಎಂದರು. ಸಂತೆಬಾಚಹಳ್ಳಿಯಲ್ಲಿ ಬಸ್ಸು ಹತ್ತಿ, ರಸ್ತೆಯ ಉಬ್ಬು ಬಂದಾಗಲೆಲ್ಲ ಮೂರನ್ನೂ ಎದೆಗವಚಿಕೊಂಡು ಕೂತೆ. "ಏನ್ ಯಜಮಾನ್ರೇ, ದ್ಯಾವ್ರು ಹೊತ್ಕೊಂಡೋಗ್ತಾ ಇದ್ದೀರಾ?" ಎಂದ ಕಂಡಕ್ಟರು. ಪೇಟೆಯ ಪುರಸಭೆಯಲ್ಲಿ, ಹಳ್ಳಿ ಕಸ ನಮಗೆ ಬರುವುದಿಲ್ಲ ಎಂದರು. ಸಂಗ್ರಹ ಕೇಂದ್ರವೋ, ಇನ್ನೂ ಮಂಜೂರಾಗಬೇಕಂತೆ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ತಮ್ಮ ದೂರದೃಷ್ಟಿಗೆ ಕೈ ಮುಗಿದು, ಮೂರನ್ನೂ ತಂದು ಅಟ್ಟಕ್ಕೇರಿಸಿದೆ.

ಇಷ್ಟರಲ್ಲಿ ತಮ್ಮ ಕಚೇರಿಯಿಂದಲೇ ನಮ್ಮೂರ ಬೀದಿದೀಪಗಳು ಎಲ್‌ಇಡಿ ಆದವು. ಬೆಳಕು ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ಕಂಬಗಳಿಂದ ಇಳಿಸಿದ ನಲವತ್ತು ಟ್ಯೂಬ್‌ಲೈಟು ಹೋಗಿದ್ದೆಲ್ಲಿಗೆ? ಊರ ಹಿಂದಿರುವ ನಮ್ಮ ತಿಪ್ಪೆಗೆ! ತುದಿಗಳಲ್ಲಿ ತಮ್ಮ ಕಚೇರಿಯ ನೀಲಿ ಗುರುತು ಹಾಗೇ ಇದೆ. ಪಕ್ಕದ ಹೊಲದ ಧರ್ಮೇಂದ್ರ ಕೇಳಿದ್ದಕ್ಕೆ ತಮ್ಮ ಗುತ್ತಿಗೆದಾರರ ಆಳುಗಳು, "ಕಸವ ತಿಪ್ಪೆಗ್ ಆಕ್ದೆ ಇನ್ನೆಲ್ಲಿಗ್ ಆಕನ?" ಎಂದು, ಮೇಲೊಂದಿಷ್ಟು ಕಬ್ಬಿನ ತರಗು ಎಳೆದು ಹೋದರಂತೆ. ಊರಿಗೆಲ್ಲ ಹಂಚಿದ ಕರಪತ್ರ ಅವರಿಗೊಂದು ಉಳಿಯಲಿಲ್ಲವೇ ಸ್ವಾಮಿ? ಧರ್ಮೇಂದ್ರ ಇದನ್ನು ನನಗೆ ಹೇಳುವ ಹೊತ್ತಿಗೆ ದೀಪಾವಳಿ ಮುಗಿದಿತ್ತು.

ತಮಗೆ ತಿಪ್ಪೆಯೆಂದರೆ ಕಸ. ನಮಗೆ ಅದು ಮುಂದಿನ ವರ್ಷದ ರಾಗಿ. ದೀಪಾವಳಿಯಂದು ನಮ್ಮಲ್ಲಿ ತಿಪ್ಪೆಗೂ ಚೆಂಡುಹೂ ಸಿಕ್ಕಿಸಿ ದೀಪ ಇಡುತ್ತಾರೆ; ಅವತ್ತು ಮೆಟ್ಟು ಹಾಕಿಕೊಂಡು ಅದರ ಮೇಲೆ ಯಾರೂ ಕಾಲಿಡುವುದಿಲ್ಲ. ಎಪ್ಪತ್ತು ದಾಟಿದ ನಮ್ಮವ್ವ ದ್ಯಾವಮ್ಮ ಹಣತೆ ಹಿಡಿದು ಬರಿಗಾಲಲ್ಲಿ ಹತ್ತಿದಳು. ದೀಪ ಇಟ್ಟಳು, ಕೈ ಮುಗಿದಳು, ಇಳಿಯುವಾಗ ಕೂಗಿಕೊಂಡಳು. ಆಸ್ಪತ್ರೆಯಲ್ಲಿ ಆರು ಹೊಲಿಗೆ ಬಿದ್ದವು. ಅವ್ವ ಅತ್ತಿದ್ದು ಕಾಲಿಗಾಗಿ ಅಲ್ಲ. "ಆ ಗೊಬ್ರವ ವಲಕ್ ಆಕ್ಬ್ಯಾಡ ಕಣ್ಲಾ ನಿಂಗ. ನಂಗಾದದ್ದು ಕಳೆ ಕೀಳೋ ಎಣ್ಮಕ್ಳಿಗೆ ಆಗ್ಬಾರ್ದು" ಎಂದಳು. ವರ್ಷವೆಲ್ಲ ಮಂಕರಿಯಲ್ಲಿ ಸಗಣಿ ಹೊತ್ತು ಅವಳು ಕೂಡಿಸಿದ ಗೊಬ್ಬರ ಅಲ್ಲೇ ಕೂತಿದೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಹೋಬಳಿಗೊಂದು ಸಂಗ್ರಹ ಕೇಂದ್ರ ತೆರೆಯಿರಿ. ತಮ್ಮ ನಲವತ್ತನ್ನು ಒಂದು ಚೂರೂ ಬಿಡದೆ ಆರಿಸಿಕೊಂಡು ಹೋಗಿ. ಹಾಗೇ ನನ್ನ ಮೂರನ್ನೂ ಒಯ್ಯಿರಿ. ಬರುವ ದೀಪಾವಳಿಯೊಳಗೆ ಆಗದಿದ್ದರೆ, ಅವತ್ತು ತಾವೇ ನಮ್ಮೂರಿಗೆ ದಯಮಾಡಿಸಿ. ತಿಪ್ಪೆ ಹತ್ತುವ ಧೈರ್ಯ ಅವ್ವನಿಗೆ ಉಳಿದಿಲ್ಲ, ದೀಪ ತಾವೇ ಇಡಬೇಕು. ಹಣತೆ, ಎಣ್ಣೆ, ಚೆಂಡುಹೂ ನಮ್ಮದು. ಮೆಟ್ಟು ಮಾತ್ರ ಕೆಳಗೆ ಬಿಟ್ಟು ಹತ್ತಿ.

ಇಂತಿ,
ಒಡೆಯದ ಮೂರು ಟ್ಯೂಬ್‌ಲೈಟುಗಳ ಕಾವಲುಗಾರ,
ದ್ಯಾವಮ್ಮನ ಮಗ ನಿಂಗರಾಜು
ಸಂತೆಬಾಚಹಳ್ಳಿ ಹೋಬಳಿ