ಚೀಟಿಯಲ್ಲಿ ಹಂಚಿದ ಮಾತುಗಳು

ಗುರುವಾರ, ಮಧ್ಯಾಹ್ನ

ನನ್ನ ಗುಬ್ಬಿಗೆ,

ಸಿಟ್ಟಿನಲ್ಲಿದ್ದೇನೆ. ಆದರೂ ನಿನ್ನ ಮೇಲಿನ ಮುದ್ದು ಕೂದಲೆಳೆಯಷ್ಟೂ ಕಡಿಮೆಯಾಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಶನಿವಾರದಿಂದ ನೀನು ಫೋನ್ ಮಾಡುತ್ತಲೇ ಇದ್ದೀಯ, ನಾನು ಎತ್ತಲಿಲ್ಲ. ಫೋನಿನಲ್ಲಾದರೆ ನೀನು ವಾದಿಸುತ್ತೀಯ, ನಾನು ಹ್ಞೂಂಗುಡುತ್ತೇನೆ, ಕೊನೆಗೆ ನೀನೇ ಗೆಲ್ಲುತ್ತೀಯ. ಕಾಗದದಲ್ಲಾದರೆ ನಾನು ಮುಗಿಸುವ ತನಕ ನೀನು ಬಾಯಿ ಹಾಕುವಂತಿಲ್ಲ.

ನಿನ್ನ ಪ್ರದರ್ಶನಕ್ಕೆ ನಾವಿಬ್ಬರೂ ಎಷ್ಟು ಹಿಗ್ಗಿನಿಂದ ಬಂದೆವು ಗೊತ್ತೇ? ನಿಮ್ಮಪ್ಪ ಬೂಟಿಗೆ ಎರಡೆರಡು ಸಲ ಪಾಲಿಶ್ ಹಾಕಿದರು. ಬಸ್ಸಿನಲ್ಲಿ ಪಕ್ಕದವರಿಗೆಲ್ಲ 'ಮಗಳ ಕಾರ್ಯಕ್ರಮ' ಎಂದು ಹೇಳಿಕೊಂಡರು. ಬಂದು ನೋಡಿದರೆ ವೇದಿಕೆಯ ಮೇಲೆ ಒಂದು ಊಟದ ಮೇಜು, ಅದರ ಮುಂದೆ ನನ್ನ ಹಳೆಯ ನೀಲಿ ಸ್ವೆಟರ್ ತೊಟ್ಟು ಕೂತ ನೀನು. ಬಾಗಿಲಲ್ಲೇ ಎಲ್ಲರ ಕೈಗೂ ಒಂದೊಂದು ಚೀಟಿ. ಅದರಲ್ಲಿರುವುದನ್ನು ಒಬ್ಬೊಬ್ಬರಾಗಿ ಬಂದು ನಿನ್ನ ಮುಖಕ್ಕೆ ಹೇಳಬೇಕು, ನೀನು ತುಟಿ ಪಿಟಕ್ಕೆನ್ನಬಾರದು. ಆಟದ ನಿಯಮ ಅದು.

ಮೊದಲು ಬಂದ ಹುಡುಗಿ ನಾಚಿಕೊಂಡು ಓದಿದಳು: 'ನಿನ್ನ ಮುಖ ನೋಡ್ಕೊಂಡು ಊಟ ಮಾಡೋದೇ ಒಂದು ಶಿಕ್ಷೆ.' ಎಲ್ಲೋ ಕೇಳಿದ ಮಾತೆನಿಸಿತು. ಎರಡನೆಯವರು ಓದುವಾಗ ಅನುಮಾನವೇ ಉಳಿಯಲಿಲ್ಲ. ಅಡುಗೆಮನೆಯ ಬಾಗಿಲು ಹಾಕಿಕೊಂಡು ನಿಮ್ಮಪ್ಪ ನನಗೆ ಆಡಿದ ಮಾತುಗಳು ಅವು. ಆಚೆ ಕೋಣೆಯಲ್ಲಿ ನೀನು ಪಾಠ ಓದುತ್ತಿದ್ದೀಯ ಎಂದುಕೊಂಡಿದ್ದೆ. ಇದನ್ನೇ ಬಾಯಿಪಾಠ ಮಾಡುತ್ತಿದ್ದೆಯಾ?

ಬರಬರುತ್ತ ಜನರ ಸಂಕೋಚ ಬಿಟ್ಟುಹೋಯಿತು. ಕೆಲವರು ನಗೆ ಬರುವಂತೆ ಓದಿದರು, ಸಭೆ ನಕ್ಕಿತು. ನನ್ನ ಚೀಟಿಯನ್ನು ನಾನು ಬಿಚ್ಚಲೇ ಇಲ್ಲ. ನಿಮ್ಮಪ್ಪನ ಸರದಿ ಬಂತು. ಅವರು ಕನ್ನಡಕ ಏರಿಸಿ, ವಾರ್ತೆ ಓದುವವರ ಹಾಗೆ ಸ್ಪಷ್ಟವಾಗಿ ಓದಿದರು: 'ನೀನು ಸತ್ರೆ ಈ ಮನೇಲಿ ಒಂದು ಕುರ್ಚಿ ಖಾಲಿ ಆಗುತ್ತೆ, ಅಷ್ಟೆ.' ಆಗ ನೀನು ತಲೆಯೆತ್ತಿ ಅವರನ್ನೇ ನೋಡಿದೆ. ಇಡೀ ಏರ್ಪಾಡು ಈ ಒಂದು ಗಳಿಗೆಗಾಗಿ ಎಂದು ನನಗೆ ಹೊಳೆಯಿತು. ಅವರು ಮಾತ್ರ ನೆಮ್ಮದಿಯಾಗಿ ಬಂದು ಕೂತು ನನ್ನ ಕಿವಿಯಲ್ಲಿ ಕೇಳಿದರು: 'ಹೆಂಡ್ತಿಗೆ ಹಿಂಗೆಲ್ಲ ಯಾರಾದ್ರೂ ಅಂತಾರೇನೇ? ಇವಳಿಗೆ ಇದೆಲ್ಲ ಎಲ್ಲಿ ಸಿಗುತ್ತೋ!'

ನಾಟಕವಲ್ಲ ಗುಬ್ಬಿ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ.

ಆಮೇಲೆ ಆ ಕಪ್ಪು ಕೋಟಿನವನು ಬಂದ. ಚೀಟಿ ಬಿಸಾಡಿ ತನ್ನದೇ ಮಾತು ಶುರುಮಾಡಿದ, ಅದನ್ನು ಬರೆಯಲಾರೆ. ನಿನ್ನ ಗಲ್ಲ ಹಿಡಿದು ಮುಖ ಮೇಲೆತ್ತಿದ. ಅವನ ಬೆರಳು ಒತ್ತಿ ನಿನ್ನ ಕೆನ್ನೆ ಬಿಳಿಚಿದ್ದು ನನಗೆ ಕೂತಲ್ಲಿಂದಲೇ ಕಾಣುತ್ತಿತ್ತು. ನಿನ್ನ ಸಂಘಟಕರು ಕೈಕಟ್ಟಿ ನಿಂತಿದ್ದರು. ನಾನು ಮೆಟ್ಟಿಲು ಹೇಗೆ ಹತ್ತಿದೆನೋ, ಅವನ ಕೈ ಕಿತ್ತುಹಾಕಿದೆ. ನೀನು ಏನಂದೆ? 'ಅಮ್ಮಾ, ಕೆಳಗೆ ಹೋಗು. ಇದು ನನ್ನ ಕೆಲಸ.' ಜನ ನಾನೂ ಒಂದು ಪಾತ್ರವೆಂದುಕೊಂಡು ಚಪ್ಪಾಳೆ ತಟ್ಟಿದರು. ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗಿ ಗುಂಡಿ ಹೊಲಿಯುತ್ತ ಕೂತರೂ ಆ ಚಪ್ಪಾಳೆ ಕೇಳಿಸುತ್ತದೆ.

ಕಲೆಗೆ ಬೇಲಿ ಇರಬಾರದು ಎನ್ನುತ್ತೀಯ. ನಿನ್ನ ಮೈ ನಿನ್ನದು. ಕರುಳು ಕಿತ್ತುಬಂದರೂ ಅದನ್ನು ಒಪ್ಪಿಕೊಂಡೇನು. ಆದರೆ ಆ ಮಾತುಗಳನ್ನು ತಿಂದವಳು ನಾನಲ್ಲವೇ? ಟಿಕೆಟ್ ಇಟ್ಟು ಮೆರೆಸುವ ಮುಂಚೆ ನನ್ನನ್ನು ಒಂದು ಮಾತು ಕೇಳಬಾರದಿತ್ತೇ? 'ಗೋಡೆಯಾಚೆ ಕೂತು ಕೇಳಿಸಿಕೊಂಡವಳು ನಾನು, ಅವು ನನ್ನವೂ ಹೌದು' ಎಂದು ನೀನು ಕಳಿಸಿದ ಮೆಸೇಜು ಓದಿದೆ. ಅದು ಸುಳ್ಳಲ್ಲ. ಆದರೂ ಕೇಳಬೇಕಿತ್ತು.

ಸೋಮವಾರ ಪತ್ರಿಕೆಯವರು ಅವೆಲ್ಲ ಕಲಾವಿದೆಯ ಸ್ವಂತ ಮನೆಯ ಮಾತುಗಳು ಎಂದು ಬರೆದರು. ನಿಮ್ಮಪ್ಪ ಕೆಂಡಾಮಂಡಲವಾದರು. ಸಭಾಂಗಣದವರಿಗೆ ಕೊಡಲು ಒಂದು ದೂರು ಟೈಪ್ ಮಾಡಿಸಿ ತಂದರು: ನಮ್ಮ ಮನೆಯಲ್ಲಿ ಯಾರೂ ಇಂಥ ಮಾತು ಆಡಿಲ್ಲ, ಮಗಳು ಹೆಸರಿಗಾಗಿ ಕಟ್ಟಿದ ಕಥೆ, ಮುಂದಿನ ಪ್ರದರ್ಶನಗಳನ್ನು ನಿಲ್ಲಿಸಿ. ತಾಯಿಯ ಸಹಿಯೂ ಇದ್ದರೆ ಮಾತ್ರ ನಿಲ್ಲಿಸುತ್ತೇವೆ ಎಂದಿದ್ದಾರಂತೆ ಅಲ್ಲಿನವರು. ನಿಮ್ಮಪ್ಪ ಪೆನ್ನಿನ ಮುಚ್ಚಳ ತೆಗೆದು ನನ್ನ ಕೈಗಿಟ್ಟರು. ಸುಳ್ಳು ಹೇಳುವುದಿಲ್ಲ, ನನಗೂ ಅದು ನಿಲ್ಲಬೇಕಿತ್ತು. ನಿಂತರೆ ಸಾಕಪ್ಪಾ ಎಂದು ಪೆನ್ನನ್ನು ಕಾಗದಕ್ಕೆ ತಾಗಿಸಿಯೂಬಿಟ್ಟೆ. ಅಷ್ಟರಲ್ಲಿ ಅವರೇ ಅಂದರು: 'ಹಾಕೇ, ಯಾಕೆ ಯೋಚ್ನೆ? ನಾನ್ಯಾವತ್ತು ನಿನಗೆ ಹಂಗಂದಿದ್ದೀನಿ?'

ಅಲ್ಲಿಗೆ ಕೈ ನಿಂತಿತು. 'ಅಂದಿದ್ದೀರಿ' ಎಂದೆ. ಇಷ್ಟು ವರ್ಷಕ್ಕೆ ಅದೊಂದೇ ಮಾತು ನಾನು ಎದುರಾಡಿದ್ದು. ಅವರು ನನ್ನನ್ನು ಯಾರೋ ದಾರಿಹೋಕರನ್ನು ನೋಡುವಂತೆ ನೋಡಿದರು.

ಹಾಗಾಗಿ ಪ್ರದರ್ಶನ ನಿಲ್ಲುವುದಿಲ್ಲ. ನಾನೂ ನಿಲ್ಲಿಸು ಎನ್ನುವುದಿಲ್ಲ. ಆದರೆ ಆ ಕುರ್ಚಿಯ ಮಾತನ್ನು ತೆಗೆದುಬಿಡು. ನಗುವವರ ಬಾಯಲ್ಲಿ ಅದು ಬೇಡ. ಮುಟ್ಟಲು ಬಂದವನ ಕೈ ಹಿಡಿಯಲು ಒಬ್ಬರನ್ನಾದರೂ ಪಕ್ಕದಲ್ಲಿ ನಿಲ್ಲಿಸಿಕೋ. ಕೆನ್ನೆಯ ಗುರುತು ಹೋಯಿತೇ? ನಿಜ ಬರೆ.

ನಿನ್ನನ್ನು ಹೆತ್ತ ತಪ್ಪಿಗೆ ಹೆದರುತ್ತಲೇ ಇರುವ,
ಅಮ್ಮ

ಮರೆತಿದ್ದೆ: ಉತ್ತರವನ್ನು ಮನೆಗೆ ಕಳಿಸಬೇಡ, ಹೊಲಿಗೆ ಅಂಗಡಿಯ ವಿಳಾಸಕ್ಕೆ ಕಳಿಸು. ಮಂಗಳವಾರದಿಂದ ಅಂಗಡಿಯ ಮೇಲಿನ ಕೋಣೆಯಲ್ಲಿದ್ದೇನೆ. ಬೇಕಾದಷ್ಟು ದಿನ ಇರು ಎಂದಿದ್ದಾಳೆ ಒಡತಿ. ಗಾಬರಿಯಾಗಬೇಡ, ನಿದ್ದೆ ಚೆನ್ನಾಗಿ ಬರುತ್ತಿದೆ. ಆದರೆ ಇದನ್ನೂ ಚೀಟಿಯಲ್ಲಿ ಬರೆದು ಹಂಚಿದೆಯೋ, ನಾನೇ ಬಂದು ನಿನ್ನ ಸಭಾಂಗಣದ ದೀಪ ಆರಿಸುತ್ತೇನೆ.